ಕುಂತಿಬೆಟ್ಟವೋ, ಮುತ್ತತ್ತಿ ಕಣಿವೆಯೋ?

ಬೆಳಿಗ್ಗೆ ಮೈಸೂರು ಬಿಟ್ಟು ಸಂಜೆಗೆ ಮನೆ ಸೇರುವ ಹಾಗೆ ಬೆಟ್ಟವೋ ಕಣಿವೆಯೋ ಸುತ್ತಬೇಕು ಅಂದರೆ ನಮ್ಮಲ್ಲಿ ಪೈಪೋಟಿ ಎರಡು ಜಾಗಗಳಿಗೆ: ಪಾಂಡವಪುರದ ಕುಂತಿಬೆಟ್ಟ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ–ಭೀಮೇಶ್ವರಿ. ಎರಡೂ ಮಂಡ್ಯ ಜಿಲ್ಲೆಯವೇ. ಎರಡೂ ಕಡೆ ಅಲೆದವನಾಗಿ ಹೇಳುತ್ತೇನೆ, ನನ್ನ ಓಟು ಕುಂತಿಬೆಟ್ಟಕ್ಕೆ.

ಬುಡದ ದೇವಸ್ಥಾನ ದಾಟಿದ ಮೇಲೆ ಅಲ್ಲಿ ನಿಮ್ಮ ಕಾಲೇ ನಿಮಗೆ ಗತಿ. ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಮುಳ್ಳುಗಿಡ. ಕೆಲವು ಕಡೆ ನಾಲ್ಕು ಕಾಲಲ್ಲಿ ಹತ್ತಬೇಕು, ಇಳಿಯುವಾಗ ಕೂತು ಜಾರಬೇಕು; ಹಳೇ ಪ್ಯಾಂಟೇ ವಾಸಿ. ಪಾಂಡವರು ಕುಂತಿಯ ಜೊತೆ ಇಲ್ಲಿದ್ದರಂತೆ. ವನವಾಸಕ್ಕೆ ಕುಂತಿ ಹೋಗಲೇ ಇಲ್ಲವಲ್ಲ ಎಂದು ಭಾರತ ಓದಿದವರು ತಕರಾರು ತೆಗೆಯಬಹುದು. ಅರಗಿನ ಮನೆಯಿಂದ ತಪ್ಪಿಸಿಕೊಂಡ ಮೇಲೆ ಬಂದಿರಬೇಕು ಬಿಡಿ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ಬ್ರಿಟಿಷರು ಊರನ್ನೇ ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ತುದಿ ಮುಟ್ಟಿದರೆ ಕಬ್ಬಿನ ಗದ್ದೆ, ತೆಂಗಿನ ತೋಟ, ಆಚೆಗೆ ತೊಣ್ಣೂರು ಕೆರೆ. ಖರ್ಚು ಅಂದರೆ ಬಸ್ ಚಾರ್ಜು, ನೀರಿನ ಬಾಟಲಿ. ಬಿಸಿಲೇರಿದರೆ ಬಂಡೆ ಕಾದು ಕೈ ಇಡಲಾಗದು, ಮಳೆ ಬಂದರೆ ಜಾರುತ್ತದೆ. ಚಿರತೆ ಓಡಾಡುವ ಸೀಮೆ, ಒಬ್ಬರೇ ಹೋಗಬೇಡಿ.

ನೋಟದ ವಿಷಯಕ್ಕೆ ಬಂದರೆ ಮುತ್ತತ್ತಿಯೇ ಗೆಲ್ಲುತ್ತದೆ, ಅನುಮಾನವಿಲ್ಲ. ಹಲಗೂರು ದಾಟಿದ ಮೇಲೆ ಕಾವೇರಿ ವನ್ಯಧಾಮದ ಕಾಡುರಸ್ತೆ, ಎರಡೂ ಬದಿ ಗುಡ್ಡ, ನಡುವೆ ಹೊಳೆ, ದಡದುದ್ದಕ್ಕೂ ಹೊಳೆಮತ್ತಿ. ಸೀತೆಯ ಮೂಗುತಿಯ ಮುತ್ತನ್ನು ನೀರಿನಿಂದ ಎತ್ತಿಕೊಟ್ಟ ಹನುಮ ಇಲ್ಲಿ ಮುತ್ತೆತ್ತರಾಯ. ಆದರೆ ಆ ಹೊಳೆಗೆ ಇಳಿಯುವಂತಿಲ್ಲ. ಮೇಲೆ ತಣ್ಣಗೆ ಹರಿಯುವ ನೀರಿನ ಅಡಿಯಲ್ಲಿ ಸುಳಿಯಿದೆ, ಈಜು ಬಲ್ಲವರೂ ಮುಳುಗಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಗುಡ್ಡ ಹತ್ತೋಣವೆಂದರೆ ಆನೆ, ಜೊತೆಗೆ ಅರಣ್ಯ ಇಲಾಖೆಯ ನಿಯಮ. ಹೀಗಾಗಿ ಸಾಹಸವನ್ನು ದುಡ್ಡು ಕೊಟ್ಟೇ ಪಡೆಯಬೇಕು: ಭೀಮೇಶ್ವರಿಯಲ್ಲಿ ಜಿಪ್ ಲೈನ್, ಕಯಾಕ್, ಹರಿಗೋಲು. ಜಿಪ್ ಲೈನ್‌ನಲ್ಲಿ ಬೆಲ್ಟು ಬಿಗಿಯುವವರು ಬೇರೆ, ತಳ್ಳುವವರು ಬೇರೆ. ನಮ್ಮ ಪಾಲಿನ ಕೆಲಸ ಕಿರುಚುವುದಷ್ಟೇ. ಹರಿಗೋಲಿನ ಮಾತು ಬೇರೆ. ಬುಟ್ಟಿ ಗಿರ್ರನೆ ತಿರುಗುವಾಗ ನಾನು ನೀರಿಗೆ ಬೆರಳು ಇಳಿಬಿಟ್ಟಿದ್ದೆ. “ಕೈ ಒಳಿಕ್ ಇಟ್ಕಳಿ ಸಾ, ಮೊಸ್ಳೆ ಅವೆ” ಎಂದು ಹುಟ್ಟು ಹಾಕುತ್ತಿದ್ದವರು ತಣ್ಣಗೆ ಹೇಳಿದರು. ಆಮೇಲೆ ದಡ ಸೇರುವ ತನಕ ಕೈ ಮಡಿಲಲ್ಲೇ ಇತ್ತು.

ದೂರವನ್ನೂ ಲೆಕ್ಕ ಹಾಕಿ. ಕುಂತಿಬೆಟ್ಟ ಮೈಸೂರಿಗೆ 30 ಕಿ.ಮೀ. ಆಸುಪಾಸು, ಮುತ್ತತ್ತಿ 80 ದಾಟುತ್ತದೆ. ಅಜ್ಜಿ, ಚಿಕ್ಕ ಮಕ್ಕಳು ಜೊತೆಗಿದ್ದರೆ ಮುತ್ತತ್ತಿಗೇ ಹೋಗಿ. ಮಂಡಿ ಗಟ್ಟಿಯಿರುವ ಗೆಳೆಯರಾದರೆ ಬೆಳಕು ಹರಿಯುವಷ್ಟರಲ್ಲಿ ಕುಂತಿಬೆಟ್ಟದ ಬುಡದಲ್ಲಿರಿ. ಇಳಿದ ಮೇಲೆ ಗಾಡಿಯನ್ನು ಮೇಲುಕೋಟೆ ಕಡೆ ತಿರುಗಿಸಿದರೆ ಪುಳಿಯೋಗರೆಯೂ ಆಯಿತು.