ಗುದ್ದದೆ ಪೈಪೋಟಿ ಕೊಡುವವರು ಸಿಕ್ಕರು: ಐರೇಸಿಂಗ್ ಜೊತೆ ಎರಡು ವರ್ಷ

ಮೊನ್ನೆ ಶನಿವಾರ ರಾತ್ರಿ ಐರೇಸಿಂಗ್ ಅನ್ನುವ ಆನ್‌ಲೈನ್ ಕಾರ್ ರೇಸ್ ಆಟದ ಒಂದು ರೇಸಿನಲ್ಲಿ ಒಂಬತ್ತನೆಯವನಾಗಿ ಬಂದೆ. ಆ ಖುಷಿಗೆ ಒಂದು ಗಂಟೆಯಾದರೂ ನಿದ್ದೆ ಬರಲಿಲ್ಲ. ಒಂಬತ್ತಕ್ಕೆ ಯಾಕೆ ಇಷ್ಟು ಖುಷಿ ಅಂತ ಮನೆಯವಳು ಕೇಳಿದಳು, ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಇದಕ್ಕೆ ಮೊದಲು ಆನ್‌ಲೈನ್‌ನಲ್ಲಿ ಒಂದು ಪುಕ್ಕಟೆ ರೇಸ್ ಆಟ ಆಡುತ್ತಿದ್ದೆ, ಹೆಸರು ಬೇಡ. ಅಲ್ಲಿ ಮೊದಲನೇ ತಿರುವಿನಲ್ಲಿ ಬ್ರೇಕ್ ಒತ್ತುವವರೇ ಇರಲಿಲ್ಲ. ಮುಂದಿನ ಕಾರಿಗೆ ಗುದ್ದಿ, ಅದನ್ನೇ ಬ್ರೇಕ್ ಮಾಡಿಕೊಂಡು ತಿರುಗುತ್ತಿದ್ದರು. ವಾರಪೂರ್ತಿ ಅಭ್ಯಾಸ ಮಾಡಿ ಹೋದರೂ ಹತ್ತು ಸೆಕೆಂಡಿನಲ್ಲಿ ಹುಲ್ಲಿನ ಮೇಲೆ ತಲೆಕೆಳಗಾಗಿ ಬಿದ್ದಿರುತ್ತಿದ್ದೆ. ಬೇಜಾರಾಗಿ ಬಿಟ್ಟೆ.

ಐರೇಸಿಂಗ್ 2008ರಿಂದ ಇದೆ, ಟ್ರ್ಯಾಕ್‌ಗಳನ್ನು ಲೇಸರ್‌ನಿಂದ ಅಳೆದು ಮಾಡಿದ್ದಾರೆ, ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ. ನನ್ನನ್ನು ಹಿಡಿದಿಟ್ಟದ್ದು ಅದರ ತಪ್ಪಿನ ಪಾಯಿಂಟ್ ಲೆಕ್ಕ, ಕಡಿಮೆ ಬಿದ್ದಷ್ಟೂ ಒಳ್ಳೆಯದು. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ 1, ಹಿಡಿತ ತಪ್ಪಿದರೆ 2, ಇನ್ನೊಂದು ಕಾರಿಗೆ ಜೋರಾಗಿ ಗುದ್ದಿದರೆ 4. ಎಷ್ಟು ತಿರುವು ದಾಟಿದಿರಿ, ಅಷ್ಟರಲ್ಲಿ ಎಷ್ಟು ಪಾಯಿಂಟ್ ಬಿತ್ತು ಅನ್ನುವುದರ ಮೇಲೆ ಸೇಫ್ಟಿ ರೇಟಿಂಗ್ ಏರುತ್ತದೆ, ಇಳಿಯುತ್ತದೆ. ಲೈಸೆನ್ಸ್ ರೂಕಿಯಿಂದ (ಅಂದರೆ ಹೊಸಬರ ದರ್ಜೆ) ಡಿ, ಸಿ, ಬಿ, ಎ ಅಂತ ಮೇಲೆ ಹೋಗಬೇಕಾದರೆ ಈ ರೇಟಿಂಗ್ ಬೇಕೇ ಬೇಕು. ಎಷ್ಟು ಜೋರಾಗಿ ಓಡಿಸಿದರೂ ಗುದ್ದುವವನಿಗೆ ಮೇಲಿನ ಬಾಗಿಲು ತೆರೆಯುವುದಿಲ್ಲ.

ರಾತ್ರಿ ಊಟ ಆದ ಮೇಲೆ ನನ್ನ ಕೆಲಸ ಶುರು. ಅಮ್ಮನ ಹಳೇ ಹೊಲಿಗೆ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡ್ ಇತ್ತು, ಅದರ ಮೇಲೆ ದಪ್ಪ ಹಲಗೆ ಹಾಕಿ ಸೆಕೆಂಡ್ ಹ್ಯಾಂಡ್ ಸ್ಟೀರಿಂಗ್ ಬಿಗಿದಿದ್ದೇನೆ. ಪೆಡಲ್ ನೆಲದ ಮೇಲೆ ಜಾರುತ್ತದೆ, ಹಿಂದೆ ಗೋಡೆಗೆ ಆನಿಸಿ ಎರಡು ಇಟ್ಟಿಗೆ. ಸ್ಟೀರಿಂಗ್ ಮೇಲಿನ ಟವೆಲ್ ತೆಗೆದು, ಕೈ ಸೋಪು ಹಾಕಿ ತೊಳೆದು ಒರೆಸಿಕೊಂಡೇ ಮುಟ್ಟುವುದು, ಯಾಕೆಂದರೆ ಸಂಜೆ ಮಂಡಕ್ಕಿ ಮಿರ್ಚಿ ತಿಂದ ಕೈಗೆ ಎಣ್ಣೆ ಇದ್ದೇ ಇರುತ್ತದೆ. ಒಂದು ಚೊಂಬು ನೀರು, ಕೈಗೆ ಗಾಳಿ ಬರುವ ಹಾಗೆ ಟೇಬಲ್ ಫ್ಯಾನ್, ಬರಿಗಾಲು. ಪಕ್ಕದಲ್ಲಿ ಉದ್ದ ನೋಟ್ ಬುಕ್ಕು. ರೇಸ್ ಮುಗಿದ ತಕ್ಷಣ ತಾರೀಕು, ಟ್ರ್ಯಾಕ್, ಎಷ್ಟನೆಯವನಾಗಿ ಹೊರಟೆ, ಎಷ್ಟನೆಯವನಾಗಿ ಬಂದೆ, ಎಷ್ಟು ಪಾಯಿಂಟ್ ಅಂತ ಬರೆಯುತ್ತೇನೆ. ಅಂಗಡಿಯಲ್ಲಿ ಕಿರ್ದಿ ಬರೆದೂ ಬರೆದೂ ಬಂದ ಅಭ್ಯಾಸ.

ಆದರೆ ಮೊದಲ ಮೂರು ತಿಂಗಳು ಈ ಲೆಕ್ಕವೇ ನನಗೆ ಸರಿ ಅನ್ನಿಸಲಿಲ್ಲ. ಹಿಂದಿನಿಂದ ಯಾರೋ ಬಂದು ಗುದ್ದಿದರೆ ನನಗೂ 4, ಅವನಿಗೂ 4. ತಪ್ಪು ಯಾರದ್ದು ಅಂತ ಕಂಪ್ಯೂಟರ್ ನೋಡುವುದೇ ಇಲ್ಲ. ಬೇಕಂತಲೇ ಗುದ್ದಿದವನ ಮೇಲೆ ರೀಪ್ಲೇ ಕಳಿಸಿ ದೂರು ಕೊಡಬಹುದು, ಆದರೆ ಸುಮ್ನೆ ಅವಸರ ಮಾಡಿದವನ ಮೇಲೆ ಏನಂತ ದೂರುವುದು? ಒಂದು ರಾತ್ರಿಯಂತೂ ಅರ್ಧಕ್ಕೇ ಕಂಪ್ಯೂಟರ್ ಆರಿಸಿ ಎದ್ದುಬಿಟ್ಟೆ.

ಆಮೇಲೆ ಜುಲೈ ತಿಂಗಳ ಪುಟ ಕೂಡಿಸಿ ನೋಡಿದೆ. ಒಟ್ಟು 96 ಪಾಯಿಂಟ್. ಬೇರೆಯವರು ಬಂದು ಗುದ್ದಿದ್ದರಿಂದ ಬಿದ್ದದ್ದು ಬರೀ 28. ಉಳಿದ 68 ನನ್ನದೇ: ಹೊರಗೆ ಹೋದದ್ದು, ಬೇಗ ಆಕ್ಸಿಲರೇಟರ್ ಒತ್ತಿ ಗಿರಕಿ ಹೊಡೆದದ್ದು. ಆ 28ರಲ್ಲೂ ರೀಪ್ಲೇ ನೋಡಿದರೆ ಎರಡು ಸಲ ನಾನೇ ಜಾಗ ಬಿಡದೆ ಒಳಗೆ ತಿರುಗಿಸಿದ್ದೆ. ಸಿಟ್ಟು ಅಲ್ಲಿಗೆ ಇಳಿಯಿತು. ಅವತ್ತಿನಿಂದ ಕನ್ನಡಿ ಜಾಸ್ತಿ ನೋಡುತ್ತೇನೆ.

ಪಾಯಿಂಟ್ ಬೀಳದಿರಲಿ ಅಂತ ಕೆಲವರು ಪಿಟ್‌ನಿಂದ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಶುರು ಮಾಡಿ ಎಲ್ಲರ ಹಿಂದೆ ದೂರದಲ್ಲಿ ಓಡಿಸುತ್ತಾರೆ. ನಾನೂ ಎರಡು ವಾರ ಹಾಗೆ ಮಾಡಿದೆ. ರೇಟಿಂಗ್ ಏರಿತು, ಆದರೆ ಖಾಲಿ ರಸ್ತೆಯಲ್ಲಿ ಒಬ್ಬನೇ ಹೋದ ಹಾಗಿತ್ತು. ಅದಕ್ಕೆ ಇಷ್ಟು ದುಡ್ಡು ಯಾಕೆ ಕಟ್ಟಬೇಕು, ಅಲ್ವಾ?

ಈಗ ಶನಿವಾರದ ಕಥೆ. ಟ್ರ್ಯಾಕ್ ಅಮೆರಿಕದ ಲಗುನಾ ಸೆಕಾ, ಕಾರು ಮಾಜ್ದಾ ಎಂಎಕ್ಸ್-5. ಐರೇಟಿಂಗ್, ಅಂದರೆ ಓಡಿಸುವ ಸಾಮರ್ಥ್ಯದ ಅಂಕ ನೋಡಿ ಸರಿಸಮಾನರನ್ನೇ ಒಂದು ಗುಂಪು ಮಾಡುವುದರಿಂದ ಒಂಬತ್ತನೇ ಜಾಗಕ್ಕೂ ಗೆಲ್ಲುವಷ್ಟೇ ಕಷ್ಟಪಡಬೇಕು. ಪೋರ್ಚುಗಲ್ ಬಾವುಟದ ಒಬ್ಬ ನನ್ನ ಪಕ್ಕಕ್ಕೆ ಬಂದ. ಎರಡನೇ ತಿರುವು ಎಡಕ್ಕೆ, ಮೂರನೆಯದು ಬಲಕ್ಕೆ, ಹಾಗಾಗಿ ಮೊದಲು ಒಳಗಿದ್ದವನು ಮುಂದಿನ ತಿರುವಿಗೆ ಹೊರಗಾಗುತ್ತಾನೆ. ನಾನು ಒಳಗಿದ್ದೆ, ಅವನಿಗೆ ಹೊರಗೆ ಒಂದು ಕಾರಿನಷ್ಟು ಜಾಗ ಬಿಟ್ಟೆ. ಮೂರನೆಯದರಲ್ಲಿ ಅವನು ಒಳಗಾದ, ನನಗೆ ಅಷ್ಟೇ ಜಾಗ ಬಿಟ್ಟ. ಹೀಗೆ ನಾಲ್ಕು ಸುತ್ತು! ಕಾರ್ಕ್‌ಸ್ಕ್ರೂ ಇಳಿಜಾರಿನಲ್ಲಿ ಕೂಡ, ಅಲ್ಲಿ ರಸ್ತೆಯೇ ಕಾಣುವುದಿಲ್ಲ, ಅವನು ಗೆರೆ ಬಿಟ್ಟು ಬರುವುದಿಲ್ಲ ಅಂತ ನಂಬಿ ಇಳಿಸಿದೆ. ಕೊನೇ ತಿರುವಿನಲ್ಲಿ ನನ್ನ ಕಾರು ಸ್ವಲ್ಪ ಚೆನ್ನಾಗಿ ಎಳೆದು ಮುಂದಾಯಿತು, ಅಷ್ಟೇ. ಮುಗಿದ ಮೇಲೆ ಅವನು ಚಾಟ್‌ನಲ್ಲಿ ಥ್ಯಾಂಕ್ಸ್ ಅಂದ. ನೋಟ್ ಬುಕ್ಕಿನಲ್ಲಿ ಪಾಯಿಂಟ್ ಜಾಗಕ್ಕೆ ಸೊನ್ನೆ ಬರೆದೆ.

ಖರ್ಚು ಕಡಿಮೆಯೇನಲ್ಲ. ಚಂದಾ ಬೇರೆ, ಹೊಸ ಕಾರಿಗೆ ಸುಮಾರು 12 ಡಾಲರ್ ಬೇರೆ, ಚಂದಾ ನಿಂತರೆ ಕೊಂಡದ್ದನ್ನೂ ಓಡಿಸಲಾಗದು. ರೂಕಿಯಲ್ಲಿ ಚಂದಾ ಜೊತೆಗೇ ಬರುವ ಕಾರು, ಟ್ರ್ಯಾಕ್ ಸಾಕು. ಎರಡು ವರ್ಷದಲ್ಲಿ ನಾನು ಕೊಂಡದ್ದು ಮೂರೇ ಟ್ರ್ಯಾಕ್. ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ ಅನ್ನುವ ಇನ್ನೊಂದು ರೇಸ್ ಆಟ ಇದ್ದವರು ಮೊದಲು ಲೋ ಫ್ಯೂಯೆಲ್ ಮೋಟರ್‌ಸ್ಪೋರ್ಟ್ ಅನ್ನುವ ರೇಸ್ ನಡೆಸುವ ವೆಬ್‌ಸೈಟ್ ನೋಡಿ, ಅಲ್ಲೂ ರೇಟಿಂಗ್ ಇದೆ, ಪುಕ್ಕಟೆಯಾಗಿ ಸೇರಬಹುದು. ಇನ್ನೊಂದು ಮಾತು, ನಮ್ಮೂರಿನಿಂದ ಸರ್ವರ್ ದೂರ. ಪಕ್ಕದ ಕಾರು ಎಲ್ಲಿದೆ ಅಂತ ಕಂಪ್ಯೂಟರ್ ಅಂದಾಜು ಮಾಡಿ ತೋರಿಸುತ್ತದೆ, ಹಾಗಾಗಿ ತಾಗದೇ ಇದ್ದರೂ ತಾಗಿದ ಹಾಗೆ ಆಗಬಹುದು. ಅರ್ಧ ಕಾರಿನಷ್ಟು ಜಾಗ ಹೆಚ್ಚಿಗೆ ಬಿಡಿ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ.

ಹರಿಹರ, ಚಿತ್ರದುರ್ಗ ಕಡೆಯವರು ಯಾರಾದರೂ ಇದ್ದರೆ ರಾತ್ರಿ ಹತ್ತೂವರೆಗೆ ಮಾಜ್ದಾ ರೇಸಿಗೆ ಬನ್ನಿ. ಪಕ್ಕಕ್ಕೆ ಬಂದರೆ ಜಾಗ ಬಿಡುತ್ತೇನೆ.