ಹರಿಹರದ ಬ್ರಾಂಚಿಗೆ ಸ್ಕ್ವಿಡ್ ಹಾಕಿದೆವು: ಫೋಟೋಗಳಿಗೆ ತುಂಬಾ ಚೆನ್ನಾಗಿದೆ, ಸೆಟ್ಟಿಂಗ್ ಮಾತ್ರ ಮುಟ್ಟಲೇಬೇಕು

ನಮ್ಮದು ಮದುವೆ ಫೋಟೋ ಸ್ಟುಡಿಯೋ. ದಾವಣಗೆರೆಯಲ್ಲಿ ಮುಖ್ಯ ಅಂಗಡಿ, ಹರಿಹರದಲ್ಲಿ ಬ್ರಾಂಚ್. ಫೋಟೋಗಳೆಲ್ಲ ದಾವಣಗೆರೆಯ ಸರ್ವರ್‌ನಲ್ಲಿರುತ್ತವೆ. ಆಲ್ಬಂಗೆ ಫೋಟೋ ಆರಿಸೋಕೆ ಹುಡುಗಿ ಮನೆಯವರು ಹರಿಹರದಲ್ಲಿ ಕೂತರೆ ಧಾರೆಯ ಅದೇ ಫೋಟೋವನ್ನು ಒಂದು ಕಂಪ್ಯೂಟರಿನಲ್ಲಿ ಅಮ್ಮ, ಪಕ್ಕದ್ದರಲ್ಲಿ ಚಿಕ್ಕಮ್ಮ, ಮರುದಿನ ಮೂರನೆಯದರಲ್ಲಿ ಸೋದರತ್ತೆ ನೋಡುತ್ತಾರೆ. ಪ್ರತಿ ಸಲವೂ ಏಳೆಂಟು ಎಂಬಿ ದಾವಣಗೆರೆಯಿಂದ ಬರಬೇಕು. ಜನ ಕಾಯ್ತಾ ಕೂರುತ್ತಿದ್ದರು, ನನಗೆ ಬೇಜಾರಾಗುತ್ತಿತ್ತು.

ಹಾಗಾಗಿ ಬ್ರಾಂಚಿನ ಹಳೇ ಪಿಸಿಗೆ ಸ್ಕ್ವಿಡ್ ಹಾಕಿದೆ. ಒಮ್ಮೆ ತರಿಸಿದ ಫೈಲಿನ ನಕಲು ಇಟ್ಟುಕೊಂಡು, ಮತ್ತೆ ಕೇಳಿದಾಗ ಅದನ್ನೇ ಕೊಡುವ ಸಾಫ್ಟ್‌ವೇರ್ ಇದು. ಉಚಿತ, ಲಿನಕ್ಸ್ ಮೇಲೆ ಆರಾಮಾಗಿ ಓಡುತ್ತದೆ, 1996ರಿಂದ ಇದೆ. ಇದನ್ನು ಫೋಟೋ ಸರ್ವರ್‌ನ ಮುಂದೆ ರಿವರ್ಸ್ ಪ್ರಾಕ್ಸಿಯಾಗಿ, ಅಂದರೆ ಸರ್ವರ್ ಪರವಾಗಿ ಉತ್ತರ ಕೊಡುವ ಮಧ್ಯವರ್ತಿಯಾಗಿ ಇಟ್ಟೆ. ಬ್ರಾಂಚಿನ ಕಂಪ್ಯೂಟರುಗಳು ಮೊದಲು ಇದನ್ನೇ ಕೇಳುತ್ತವೆ, ಫೋಟೋ ಇದ್ದರೆ ಇಲ್ಲಿಂದಲೇ ಸಿಗುತ್ತದೆ.

ಮೊದಲ ವಾರ ಏನೂ ಉಪಯೋಗ ಕಾಣಲಿಲ್ಲ. ಆಕ್ಸೆಸ್ ಲಾಗ್ (ಯಾವ ಫೈಲ್ ಎಲ್ಲಿಂದ ಬಂತು ಅನ್ನೋ ದಾಖಲೆ) ತೆಗೆದು ನೋಡಿದೆ: ಚಿಕ್ಕ ಚಿಕ್ಕ ಥಂಬ್‌ನೇಲ್‌ಗಳಿಗೆಲ್ಲ ಟಿಸಿಪಿ ಮೆಮ್ ಹಿಟ್ (ಇಲ್ಲಿನ ಮೆಮೊರಿಯಿಂದಲೇ ಸಿಕ್ಕಿತು), ದೊಡ್ಡ ಫೋಟೋಗಳಿಗೆಲ್ಲ ಸಾಲಾಗಿ ಟಿಸಿಪಿ ಮಿಸ್ (ಇಲ್ಲಿಲ್ಲ, ದಾವಣಗೆರೆಯಿಂದ ತಂದದ್ದು). ಕಾರಣ ಡಿಫಾಲ್ಟ್‌ಗಳು, ಅಂದರೆ ನಾವು ಮುಟ್ಟದಿದ್ದರೆ ಇರುವ ಸೆಟ್ಟಿಂಗ್‌ಗಳು. ಡಿಸ್ಕಿನಲ್ಲಿ ಜಾಗ ಕೊಡುವ ಕ್ಯಾಶೆ ಡಿರ್ ಸಾಲನ್ನು ಸೆಟ್ಟಿಂಗ್ ಫೈಲಿನಲ್ಲಿ ನಾವೇ ಹಾಕದಿದ್ದರೆ ಸ್ಕ್ವಿಡ್ ಡಿಸ್ಕಿನಲ್ಲಿ ಏನನ್ನೂ ಇಡಲ್ಲ, ಬರೀ ಮೆಮೊರಿಯಲ್ಲಿ 256 ಎಂಬಿ. ಅದರಲ್ಲೂ 512 ಕೆಬಿಗಿಂತ ದೊಡ್ಡ ಫೈಲ್ ನಿಲ್ಲಲ್ಲ. ಡಿಸ್ಕ್ ಕೊಟ್ಟರೂ ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್, ಅಂದರೆ ಇಟ್ಟುಕೊಳ್ಳುವ ಒಂದು ಫೈಲಿನ ಗರಿಷ್ಠ ಗಾತ್ರ, 4 ಎಂಬಿ. ನಮ್ಮ ಒಂದು ಫೋಟೋನೇ ಅದಕ್ಕಿಂತ ದೊಡ್ಡದು, ಅಲ್ವಾ?

ಅದನ್ನು 32 ಎಂಬಿ ಮಾಡಿ, ಡಿಸ್ಕಿನಲ್ಲಿ 50 ಜಿಬಿ ಕೊಟ್ಟೆ. ಆದರೂ ಮಿಸ್! ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ಆ ಸೈಜಿನ ಸಾಲು ಫೈಲಿನಲ್ಲಿ ಕ್ಯಾಶೆ ಡಿರ್ ಸಾಲಿಗಿಂತ ಮೇಲಿರಬೇಕು. ನಾನು ಕೆಳಗೆ ಬರೆದಿದ್ದೆ. ಮೇಲೆ ಹಾಕಿ ರೀಸ್ಟಾರ್ಟ್ ಮಾಡಿದೆ, ಹಿಟ್ ಶುರುವಾಯಿತು. ಡಿಸ್ಕ್ ಜಾಸ್ತಿ ಕೊಡುವವರು ರ್‍ಯಾಮ್ ಕಡೆಗೂ ನೋಡಿ. 64 ಬಿಟ್ ಸಿಸ್ಟಮ್ಮಿನಲ್ಲಿ ಪ್ರತಿ ಜಿಬಿ ಡಿಸ್ಕಿಗೆ ಸುಮಾರು 14 ಎಂಬಿ ರ್‍ಯಾಮ್ ಬೇಕು, ಬರೀ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಇಟ್ಟುಕೊಳ್ಳೋಕೆ.

ಇನ್ನೊಂದು ವಿಷಯ ತಾಜಾತನದ್ದು, ಅಂದರೆ ಇಟ್ಟುಕೊಂಡ ನಕಲನ್ನು ಎಷ್ಟು ಹೊತ್ತು ನಂಬಬೇಕು ಅನ್ನೋದು. ನಮ್ಮ ಸರ್ವರ್ ಫೋಟೋ ಜೊತೆ ಅವಧಿ ಏನೂ ಹೇಳಿ ಕಳಿಸಲ್ಲ. ಆಗ ಸ್ಕ್ವಿಡ್ ಫೈಲಿನ ವಯಸ್ಸು ನೋಡಿ ಅದರ 20% ಹೊತ್ತು ತಾಜಾ ಅಂದುಕೊಳ್ಳುತ್ತದೆ, ಹೆಚ್ಚೆಂದರೆ 4320 ನಿಮಿಷ, ಅಂದರೆ ಮೂರು ದಿನ. ಐದು ಗಂಟೆ ಹಿಂದೆ ಹಾಕಿದ ಫೋಟೋಗೆ ಸಿಗೋದು ಒಂದೇ ಗಂಟೆ. ಆಮೇಲೆ ಪ್ರತಿ ಫೋಟೋಗೂ ‘ಬದಲಾಗಿದೆಯಾ?’ ಅಂತ ದಾವಣಗೆರೆಯನ್ನು ಕೇಳುತ್ತದೆ. ನಮ್ಮ ಜನ ನೋಡೋದೇ ಹೊಸ ಮದುವೆಯ ಫೋಟೋ! ಹಾಗಾಗಿ ಈ ಅವಧಿ ನಿಗದಿ ಮಾಡುವ ರಿಫ್ರೆಶ್ ಪ್ಯಾಟರ್ನ್ ಸಾಲಿನಲ್ಲಿ ಜೆಪಿಜಿ, ಪಿಎನ್‌ಜಿಗಳಿಗೆ ಕನಿಷ್ಠ 10080 ನಿಮಿಷ, 90%, ಗರಿಷ್ಠ 43200 ಅಂತ ಹಾಕಿದೆ. ಜೊತೆಗೆ ಓವರ್‌ರೈಡ್ ಲಾಸ್ಟ್‌ಮಾಡ್ ಅನ್ನೋ ಆಯ್ಕೆಯೂ ಬೇಕು, ಅದಿಲ್ಲದಿದ್ದರೆ ಈಚೆಗೆ ಬದಲಾದ ಫೈಲಿಗೆ ಈ ಕನಿಷ್ಠ ಅನ್ವಯಿಸಲ್ಲ. ಏಳು ದಿನ ಸುಮ್ನೆ ಇಲ್ಲಿಂದಲೇ ಕೊಡುತ್ತದೆ. ಈ ಸಾಲನ್ನು ಬೇರೆ ಪ್ಯಾಟರ್ನ್‌ಗಳಿಗಿಂತ ಮೇಲೆ ಇಡಿ, ಮೊದಲು ಹೊಂದಿದ ಸಾಲೇ ಲೆಕ್ಕಕ್ಕೆ ಬರೋದು.

ಇದರಿಂದ ಒಂದು ತೊಂದರೆಯೂ ಇದೆ. ಟಚಪ್ ಮಾಡಿದ ಫೋಟೋವನ್ನು ಅದೇ ಹೆಸರಲ್ಲಿ ಸೇವ್ ಮಾಡಿದರೆ ಬ್ರಾಂಚಿನಲ್ಲಿ ಹಳೆಯದೇ ಕಾಣುತ್ತದೆ. ಒಬ್ಬ ಮದುಮಗಳು ‘ಹಣೆ ಮೇಲಿನ ಬೆವರು ತೆಗೆದೇ ಇಲ್ವಲ್ಲ’ ಅಂತ ಕೇಳಿದಾಗ ಗೊತ್ತಾಗಿದ್ದು. ಈಗ ತಿದ್ದಿದ ಫೋಟೋಗೆ ಹೊಸ ಹೆಸರು ಕಡ್ಡಾಯ. ಹೊಸದು ಕೇಳಿದರೂ ಇಟ್ಟುಕೊಂಡದ್ದನ್ನೇ ಕೊಡಿಸುವ ಇಗ್ನೋರ್ ರೀಲೋಡ್ ಅನ್ನೋ ಆಯ್ಕೆಯನ್ನು ಮಾತ್ರ ನಾನು ಹಾಕಿಲ್ಲ, ನೀವೂ ಹಾಕಬೇಡಿ, ಕಂಟ್ರೋಲ್ ಎಫ್5 ಒತ್ತಿದಾಗ ಹೊಸದು ಬರಲೇಬೇಕು.

ಈಗ ಹರಿಹರದಲ್ಲಿ ಎರಡನೇ ಸಲ ತೆರೆದ ಫೋಟೋ ಕ್ಲಿಕ್ ಮಾಡಿದ ಕೂಡಲೇ ಬರುತ್ತದೆ. ನಮ್ಮಂತೆ ಸ್ವಂತ ಸರ್ವರ್ ಇದ್ದವರು ಧೈರ್ಯವಾಗಿ ಹಾಕಿ. ಆಫೀಸಿನವರು ನೋಡುವ ಹೊರಗಿನ ವೆಬ್‌ಸೈಟುಗಳ ಚಿತ್ರ ಉಳಿಸೋಕೆ ಅಂತಾದರೆ ಬೇಡ. ಈಗ ಹೆಚ್ಚಿನವು ಎಚ್‌ಟಿಟಿಪಿಎಸ್ (ಗುಪ್ತಲಿಪಿಯಲ್ಲಿ ಬರುವಂಥವು), ಲಾಗಿನಲ್ಲಿ ಟಿಸಿಪಿ ಟನಲ್ ಅಂತ ಬರುತ್ತದೆ ಅಷ್ಟೇ, ಒಳಗಿನ ಚಿತ್ರ ಸ್ಕ್ವಿಡ್‌ಗೆ ಕಾಣಲ್ಲ. ಅದನ್ನು ಬಿಚ್ಚಿ ನೋಡುವ ಎಸ್‌ಎಸ್‌ಎಲ್ ಬಂಪ್ ಇದೆ ನಿಜ, ಆದರೆ ಪ್ರತಿ ಕಂಪ್ಯೂಟರಿಗೂ ನಮ್ಮ ಸರ್ಟಿಫಿಕೇಟ್ ಹಾಕಬೇಕು. ಹುಡುಗರು ಬ್ಯಾಂಕ್ ಲಾಗಿನ್ ಮಾಡುವ ಕಂಪ್ಯೂಟರಿನಲ್ಲಿ ನಾನಂತೂ ಅದನ್ನು ಮಾಡಲ್ಲ.