ಊಟಕ್ಕೂ ತಿಂಡಿಗೂ ನಡುವಿನ ಕೆಲಸ: ಜಯನಗರದ ಒಂದು ಹೋಟೆಲಿನ ವಿಮರ್ಶೆ

ಜಯನಗರ ನಾಲ್ಕನೇ ಬ್ಲಾಕಿನ ಸಮೀಪದ ಈ ಸಸ್ಯಾಹಾರಿ ಹೋಟೆಲಿನಲ್ಲಿ ನನಗೆ ತಿಂಡಿಗಿಂತ ಹೆಚ್ಚು ಮೆಚ್ಚುಗೆಯಾದದ್ದು, ಸಪ್ಲೈಯರ್‌ಗಳು ಬಡಿಸುವುದರ ಜೊತೆಗೆ ಮಾಡಬೇಕಾದ ಒರೆಸುವ, ತುಂಬಿಸುವ, ಜೋಡಿಸಿಡುವ ಕೆಲಸಗಳನ್ನು ಅಲ್ಲಿ ಹಂಚಿರುವ ಕ್ರಮ. ತಿಂಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಖಾಲಿ ದೋಸೆ, ಸಾಗು ಚೆನ್ನಾಗಿವೆ, ಬಿಸಿಬೇಳೆಬಾತ್ ನನ್ನ ನಾಲಿಗೆಗೆ ತುಸು ಸಿಹಿ.

ನಿಂತು ತಿನ್ನುವ ದರ್ಶಿನಿಗಳಲ್ಲಿ ಗಿರಾಕಿಯೇ ಟೋಕನ್ ಕೊಟ್ಟು ತಟ್ಟೆ ಪಡೆಯುವುದರಿಂದ ಇಂಥ ಕೆಲಸ ಯಾರದೆಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಟೇಬಲ್ ಒರೆಸಲು ಕ್ಲೀನರ್‌ಗಳಿರುತ್ತಾರೆ. ಕೂತು ತಿನ್ನುವ ಹೋಟೆಲಿನಲ್ಲಿ ಮಾತ್ರ ಸಕ್ಕರೆ ಡಬ್ಬಿ ಖಾಲಿಯಾದರೆ, ನೀರಿನ ಜಗ್ಗಿನ ತಳ ಲೋಳೆಗಟ್ಟತೊಡಗಿದರೆ, ಅದು ಸಪ್ಲೈಯರ್ ಕೆಲಸವೋ ಕ್ಲೀನರ್ ಕೆಲಸವೋ ಎಂಬ ತಕರಾರು ಹುಟ್ಟಿ, ಕೊನೆಗೆ ಹೊಸದಾಗಿ ಸೇರಿದ ಹುಡುಗನ ತಲೆಗೆ ಬರುತ್ತದೆ.

ಇಲ್ಲಿ ಕೈ ತೊಳೆಯುವ ಜಾಗಕ್ಕೆ ಹೋಗುವ ದಾರಿಯಲ್ಲಿ, ಗಿರಾಕಿಗಳಿಗೂ ಕಾಣುವಂತೆ, ಕೆಲಸದ ಪಟ್ಟಿಯನ್ನು ತೂಗುಹಾಕಿದ್ದಾರೆ. ಗಿರಾಕಿಗಳು ಕೂರುವ ಹಾಲ್ ಅನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಸಪ್ಲೈಯರ್‌ಗೆ ಅವನ ಟೇಬಲ್‌ಗಳ ಜೊತೆಗೆ ಎಲ್ಲರಿಗೂ ಸೇರಿದ ಒಂದು ಕೆಲಸವನ್ನೂ ಒಪ್ಪಿಸಲಾಗಿದೆ. ಈ ಎರಡನೆಯದು ವಾರಕ್ಕೊಮ್ಮೆ ಬದಲಾಗುವುದರಿಂದ ವಾಶ್ ಬೇಸಿನ್ ಉಜ್ಜುವುದು ಯಾರೊಬ್ಬನ ಪಾಲಿಗೂ ಕಾಯಂ ಆಗುವುದಿಲ್ಲ. ಸಪ್ಲೈಯರ್ ಪಾಳಿ ಮುಗಿಸಿ ಹೊರಡುವ ಮುನ್ನ ಮೇಲ್ವಿಚಾರಕರಾದ ಕ್ಯಾಪ್ಟನ್ ಬಂದು ನೋಡಿ ಸಹಿ ಹಾಕುತ್ತಾರೆ. ಸಹಿಯಿಲ್ಲದ ಪಟ್ಟಿ ಗೋಡೆಯ ಅಲಂಕಾರವಷ್ಟೇ ಎಂಬುದು ನನ್ನ ಅಭಿಪ್ರಾಯ.

ಪಟ್ಟಿಯಲ್ಲಿ ಕೆಲಸದ ಹೆಸರಷ್ಟೇ ಇಲ್ಲ, ಮಾಡುವ ರೀತಿಯೂ ಇದೆ. ಚಟ್ನಿ ಪಾತ್ರೆಯಲ್ಲಿ ಉಳಿದದ್ದರ ಮೇಲೆ ಹೊಸದನ್ನು ಸುರಿಯಕೂಡದು, ಪಾತ್ರೆ ಬದಲಿಸಬೇಕು. ಕಾಯಿ ಚಟ್ನಿ ಸೆಖೆಗೆ ಬೇಗ ಹುಳಿಯಾಗುತ್ತದೆ, ತಳದಲ್ಲಿದ್ದ ಹಳೆಯದು ಮೇಲಿನ ಹೊಸದನ್ನೂ ಕೆಡಿಸುತ್ತದೆ ಎಂಬ ಕಾರಣಕ್ಕೆ ಈ ಒಂದು ಸಾಲೇ ಇಡೀ ಪಟ್ಟಿಯಷ್ಟು ಬೆಲೆಬಾಳುತ್ತದೆ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂಬುದು ಆಹಾರ ಸುರಕ್ಷತೆಯ ನಿಯಮವಾದ್ದರಿಂದ, ಸಾಂಬಾರನ್ನು ದೊಡ್ಡ ಬಕೆಟ್ಟಿನಲ್ಲಿ ತಂದು ಹಾಲ್‌ನಲ್ಲಿ ಆರಲು ಬಿಡದೆ, ಚಿಕ್ಕ ಬಕೆಟ್ಟಿನಲ್ಲಿ ಅಡುಗೆಮನೆಯಿಂದ ಮೇಲಿಂದ ಮೇಲೆ ತರುತ್ತಾರೆ. ಟೇಬಲ್ಲಿಗೊಂದು ಬಟ್ಟೆ, ಕುರ್ಚಿಗೊಂದು ಬಟ್ಟೆ. ಎರಡರ ಬಣ್ಣ ಬೇರೆ ಬೇರೆ. ಹಸಿ ಬಟ್ಟೆಯ ಕಮಟು ವಾಸನೆ ಉಳಿಯದ ಟೇಬಲ್ ನಮ್ಮ ಊರಿನ ಹೋಟೆಲುಗಳಲ್ಲಿ ಎಷ್ಟು ಅಪರೂಪವೆಂಬುದು ಓದುಗರಿಗೆ ಗೊತ್ತೇ ಇದೆ.

ಇಂಥ ಕೆಲಸದಿಂದ ಸಪ್ಲೈಯರ್‌ಗಳು ತಪ್ಪಿಸಿಕೊಳ್ಳಲು ನೋಡುವುದು ಸೋಮಾರಿತನದಿಂದಲೇ ಎನ್ನಲಾಗದು. ಲೋಟ ಒರೆಸುತ್ತ ನಿಂತವನ ಟೇಬಲ್ಲನ್ನು ಇನ್ನೊಬ್ಬ ನೋಡಿಕೊಂಡರೆ ಟಿಪ್ಸ್ ಕೂಡ ಆ ಇನ್ನೊಬ್ಬನಿಗೇ ಹೋಗುತ್ತದೆ. ಇಲ್ಲಿ ಟಿಪ್ಸ್ ಗಲ್ಲಾದ ಪಕ್ಕದ ಒಂದೇ ಡಬ್ಬಿಗೆ ಬಿದ್ದು, ಕ್ಲೀನರ್‌ಗಳನ್ನೂ ಸೇರಿಸಿ ಹಂಚಿಕೆಯಾಗುತ್ತದೆಯೆಂದು ಕ್ಯಾಪ್ಟನ್ ಹೇಳಿದರು. ರಾತ್ರಿಯ ಕ್ಲೋಸಿಂಗ್ ಕೆಲಸವೂ ಹಾಜರಿ ಪುಸ್ತಕದಲ್ಲಿ ದುಡಿಮೆಯ ಸಮಯವೆಂದೇ ದಾಖಲಾಗುತ್ತದಂತೆ. ಹಾಗೆ ದಾಖಲಾಗುವುದೇ ಸರಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯಿಟ್ಟು, ಮೀರಿದ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕೆನ್ನುತ್ತದೆ. ಶಟರ್ ಎಳೆದ ಮೇಲೆ ನೆಲ ಒರೆಸುವುದು ಆ ಲೆಕ್ಕದಿಂದ ಹೊರಗಿರಲು ಕಾರಣವಿಲ್ಲ.

ಕೊರತೆಗಳೂ ಇವೆ. ರಾತ್ರಿ ಮುಚ್ಚುವ ಸಮಯಕ್ಕೆ ಬಹಳ ಮೊದಲೇ ಕೆಲವು ಭಾಗಗಳಲ್ಲಿ ಕುರ್ಚಿಗಳನ್ನು ಟೇಬಲ್ ಮೇಲೇರಿಸಿ ಫಿನಾಯಿಲ್ ಹಾಕತೊಡಗುತ್ತಾರೆ. ಪಕ್ಕದಲ್ಲಿ ಮೊಸರನ್ನ ತಿನ್ನುತ್ತಿರುವವರಿಗೆ ಆ ವಾಸನೆ ಹಿತವಲ್ಲ. ಹುಡುಗರಿಗೆ ಕೊನೆಯ ಬಸ್ಸಿನ ಆತುರವಿರುವುದು ನ್ಯಾಯವೇ ಆದರೂ, ಒಳಗಿನ ಭಾಗವನ್ನು ಮೊದಲು ಮುಚ್ಚಿ, ಗಿರಾಕಿಗಳನ್ನು ಬಾಗಿಲ ಕಡೆಯ ಟೇಬಲ್‌ಗಳಿಗೆ ಕೂರಿಸಿದರೆ ಇಬ್ಬರಿಗೂ ಅನುಕೂಲ. ಇನ್ನು ಪಾರ್ಸೆಲ್ ಕೌಂಟರಿನ ಕೆಲಸ ಪಟ್ಟಿಯಲ್ಲೇ ಇಲ್ಲ. ಸಂಜೆ ಡೆಲಿವರಿ ಹುಡುಗರು ಸಾಲುಗಟ್ಟಿದಾಗ ಕವರು, ಡಬ್ಬಿ ಮುಗಿದು, ಅವನ್ನು ತರಲು ಹಾಲ್‌ನಲ್ಲಿ ಬಡಿಸುವ ಸಪ್ಲೈಯರ್ ಉಗ್ರಾಣಕ್ಕೆ ಓಡುತ್ತಾನೆ, ಅವನ ಟೇಬಲ್ಲಿನವರು ಬಿಲ್ಲಿಗಾಗಿ ಕಾಯುತ್ತಾರೆ. ಪಟ್ಟಿಗೆ ಇದೊಂದು ಸಾಲು ಸೇರುವವರೆಗೆ, ವಾರದ ದಿನಗಳಲ್ಲಿ ಸಂಜೆಯ ನೂಕುನುಗ್ಗಲಿಗೆ ಮೊದಲೇ ಹೋಗುವುದು ಒಳ್ಳೆಯದು.